ಗುಣವಾಗದ ರೋಗಿಯ ಬಳಿಯಲ್ಲಿ

ವೈದ್ಯನಾದವನು ಆಡಬೇಕಾದ ಅತ್ಯಂತ ಕಷ್ಟದ ಮಾತು ಯಾವುದೆಂದು ಕೇಳಿದರೆ, ‘ಇನ್ನು ನಮ್ಮ ಕೈಯಲ್ಲಿ ಏನೂ ಇಲ್ಲ’ ಎಂಬುದೇ ಎಂದು ಬಹಳ ಮಂದಿ ಹೇಳಿಯಾರು. ನನ್ನ ಅನುಭವ ಬೇರೆ. ಆ ಮಾತನ್ನು ಹೇಳಿ ಎದ್ದು ಹೋಗಬಹುದು. ಹೇಳಿದ ಬಳಿಕವೂ ಅದೇ ಮಂಚದ ಬಳಿ ಕುಳಿತಿರುವುದು ಕಷ್ಟ. ಮೇಲಾಗಿ ಆ ಮಾತು ನಿಜವೂ ಅಲ್ಲ. ಇದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ, ನನ್ನದೇ ಒಂದು ತಪ್ಪಿನಿಂದ.

ಹಲವು ವರ್ಷಗಳ ಹಿಂದೆ ಸಕಲೇಶಪುರ ತಾಲ್ಲೂಕಿನ ಬೆಳಗೋಡಿನ ಕಡೆಯ ಒಂದು ಮನೆಗೆ ನನ್ನನ್ನು ಕರೆಸಿದ್ದರು. ಕೊಯ್ಲು ಮುಗಿದು ಕಣದಲ್ಲಿ ಕಾಫಿ ಒಣಗುತ್ತಿದ್ದ ಕಾಲ. ಮನೆಯ ಯಜಮಾನರಿಗೆ ಬಾಯಿಯ ಕ್ಯಾನ್ಸರ್. ಬೆಂಗಳೂರಿನಲ್ಲಿ ಆಗಬೇಕಾದ ಚಿಕಿತ್ಸೆಯೆಲ್ಲ ಆಗಿ, ಇನ್ನು ಫಲವಿಲ್ಲವೆಂದು ಊರಿಗೆ ಕರೆತಂದಿದ್ದರು. ಜಗಲಿಯ ಮೆಟ್ಟಿಲಲ್ಲೇ ಮಗ ನನ್ನನ್ನು ತಡೆದು, ‘ಅಪ್ಪನಿಗೆ ಏನೂ ಗೊತ್ತಿಲ್ಲ ಡಾಕ್ಟ್ರೇ, ದಯವಿಟ್ಟು ಹೇಳಬೇಡಿ’ ಎಂದು ಕೈಮುಗಿದ. ಒಳಗೆ ಹೋದೊಡನೆ ಆ ಹಿರಿಯರು, ‘ಹೂಮಳೆ ಬರೋ ತನಕ ಇರ್ತೀನಾ ಡಾಕ್ಟ್ರೇ?’ ಎಂದು ಕೇಳಿದರು. ‘ಛೆ, ಅದೆಂಥ ಮಾತು! ಗುಣವಾಗ್ತೀರಿ’ ಎಂದೆ. ಅವರು ನನ್ನ ಮುಖವನ್ನೊಮ್ಮೆ ನೋಡಿ ಗೋಡೆಯ ಕಡೆಗೆ ಹೊರಳಿದರು. ಆಮೇಲೆ ನನ್ನನ್ನು ಏನನ್ನೂ ಕೇಳಲಿಲ್ಲ.

ಹೂಮಳೆಗೆ ಮೊದಲೇ ಅವರು ತೀರಿಕೊಂಡರು. ತೋಟದ ಬೇಲಿಯ ವಿಷಯದಲ್ಲಿ ಮಾತು ಬಿಟ್ಟಿದ್ದ ಅವರ ತಮ್ಮ ಆ ದಿನ ಬಂದು ಅಂಗಳದ ಅಂಚಿನಲ್ಲೇ ನಿಂತಿದ್ದರು. ‘ಅಣ್ಣ ನನ್ನ ಹೆಸರು ಏನಾದ್ರೂ ಹೇಳಿದ್ನಾ?’ ಎಂದು ನನ್ನನ್ನು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಹೂಮಳೆಯ ತನಕದ ಅವಧಿಯನ್ನು ಆ ಹಿರಿಯರು ಯಾವ ಕೆಲಸಕ್ಕಾಗಿ ಬಯಸಿದ್ದರೋ, ಅದನ್ನು ನಾನು ವಿಚಾರಿಸಿರಲಿಲ್ಲ. ಧೈರ್ಯ ಹೇಳಿದೆನೆಂದು ತಿಳಿದುಕೊಂಡಿದ್ದೆ; ನಿಜವಾಗಿ ಅವರ ಮಾತಿಗೆ ಬಾಗಿಲು ಹಾಕಿದ್ದೆ. ಅವರ ನೋವಿಗೂ ನ್ಯಾಯ ಸಲ್ಲಿಸಲಿಲ್ಲ. ಮಾರ್ಫೀನ್ ಎಂದರೆ ಕೊನೆಯ ಗಳಿಗೆಯ ಮದ್ದು ಎಂಬ ಅಂಜಿಕೆಯಿಂದ ಅದರ ಹೆಸರನ್ನೇ ಎತ್ತಿರಲಿಲ್ಲ.

ಈ ಅಂಜಿಕೆಯನ್ನು ತೊಡೆಯಲು ದುಡಿದವರು ಅನೇಕರು. ದಾದಿಯಾಗಿದ್ದು ಮುಂದೆ ವೈದ್ಯೆಯಾದ ಸಿಸಿಲಿ ಸಾಂಡರ್ಸ್ 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಎಂಬ ಆಶ್ರಯಧಾಮವನ್ನು ತೆರೆದರು. ಸಾಯುವವನ ನೋವು ಕೇವಲ ದೇಹದ್ದಲ್ಲ. ಮನಸ್ಸಿನದು, ಸಂಸಾರದ್ದು, ಆತ್ಮದ್ದೂ ಹೌದು ಎಂಬುದು ಅವರ ವಿಚಾರ. ನಮ್ಮ ದೇಶದಲ್ಲಿ 1986ರಲ್ಲಿ ಮುಂಬಯಿಯ ಶಾಂತಿ ಅವೇದನಾ, 1993ರಲ್ಲಿ ಕಲ್ಲಿಕೋಟೆಯ ಉಪಶಾಮಕ ಚಿಕಿತ್ಸಾ ಸಂಘ ಹುಟ್ಟಿದವು. 1994ರಲ್ಲಿ ಸ್ಥಾಪಿತವಾದ ಬೆಂಗಳೂರು ಹಾಸ್ಪಿಸ್ ಟ್ರಸ್ಟ್ ಮೊದಲು ರೋಗಿಗಳ ಮನೆಗೇ ಹೋಗಿ ಆರೈಕೆ ಮಾಡತೊಡಗಿತು. 1999ರಲ್ಲಿ ಅದರ ‘ಕರುಣಾಶ್ರಯ’ ತೆರೆಯಿತು. ಅಲ್ಲಿ ರೋಗಿಯಿಂದ ಹಣ ಪಡೆಯುವುದಿಲ್ಲ.

ಆದರೆ ಬೆಳಗೋಡಿನಿಂದ ಬೆಂಗಳೂರು ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರ. ಮಲೆನಾಡಿನವರು ಬಹುಮಟ್ಟಿಗೆ ಬಯಸುವುದು ತಮ್ಮ ಮನೆಯನ್ನೇ. ಆದ್ದರಿಂದ ಮನೆಯವರಿಗೆ ತಿಳಿದಿರಬೇಕಾದ ಕೆಲವು ಸಂಗತಿಗಳನ್ನು ಹೇಳುತ್ತೇನೆ.

ಮಾರ್ಫೀನ್ ಗುಳಿಗೆಯನ್ನು ನುಂಗಿಸಿದರೆ ಅದರ ಪರಿಣಾಮ ಸುಮಾರು ನಾಲ್ಕು ಗಂಟೆ ಇರುತ್ತದೆ. ಆದಕಾರಣ ನೋವು ಬರಲೆಂದು ಕಾಯದೆ ಗಡಿಯಾರ ನೋಡಿ ಕೊಡಬೇಕು. ಮಲಬದ್ಧತೆ ಬಹುಮಟ್ಟಿಗೆ ತಪ್ಪದು. ಜೊತೆಗೇ ಅದಕ್ಕೂ ಔಷಧಿ ಬೇಕು. ವೈದ್ಯರು ನೋವನ್ನು ಅಳೆದು ಸರಿಯಾಗಿ ಕೊಟ್ಟಾಗ ರೋಗಿ ಅದಕ್ಕೆ ದಾಸನಾಗುವುದು ಅಪರೂಪ. ಅದು ಸಾವನ್ನು ಹತ್ತಿರ ತರುವ ಮದ್ದೂ ಅಲ್ಲ. 1985ರ ಮಾದಕದ್ರವ್ಯ ಕಾಯಿದೆಯ ಕಟ್ಟುಪಾಡುಗಳಿಂದ ಈ ಔಷಧಿ ಬಹುಕಾಲ ದುರ್ಲಭವಾಗಿತ್ತು. 2014ರ ತಿದ್ದುಪಡಿ ಪರವಾನಗಿಯ ತೊಡಕನ್ನು ಕಡಿಮೆ ಮಾಡಿತು.

ತೋಟದ ಲೈನುಮನೆಯೊಂದರಲ್ಲಿ ಎದೆಯ ಹುಣ್ಣಿನಿಂದ ನರಳುತ್ತಿದ್ದ ಒಬ್ಬ ತಾಯಿ ನೆನಪಾಗುತ್ತಾರೆ. ನೋವಿಗಿಂತ ಹುಣ್ಣಿನ ವಾಸನೆಯೇ ಅವರನ್ನು ಹೆಚ್ಚು ಕುಗ್ಗಿಸಿತ್ತು. ಮೊಮ್ಮಕ್ಕಳನ್ನು ಹತ್ತಿರ ಬರಗೊಡುತ್ತಿರಲಿಲ್ಲ. ಮೆಟ್ರೊನಿಡಜೋಲ್ ಎಂಬ ಅಗ್ಗದ ಗುಳಿಗೆಯನ್ನು ಪುಡಿ ಮಾಡಿ ಹುಣ್ಣಿನ ಮೇಲೆ ಉದುರಿಸಿ ಕಟ್ಟುವುದನ್ನು ಮಗಳಿಗೆ ಕಲಿಸಿಕೊಟ್ಟೆ. ಕೆಲವು ದಿನಗಳಲ್ಲಿ ವಾಸನೆ ತಗ್ಗಿತು. ಮುಂದಿನ ಸಲ ಹೋದಾಗ ಮೊಮ್ಮಗು ಅವರ ಮಗ್ಗುಲಲ್ಲಿ ಮಲಗಿತ್ತು. ರೋಗ ಒಂದಿಷ್ಟೂ ಹಿಮ್ಮೆಟ್ಟಿರಲಿಲ್ಲ. ಆದರೂ ನಮ್ಮ ಕೈಯಲ್ಲಿ ಏನೂ ಇಲ್ಲವೆಂದು ಆ ದಿನ ಯಾರು ಹೇಳಬಲ್ಲರು?

ಕೊನೆಯ ದಿನಗಳಲ್ಲಿ ಮನೆಯವರನ್ನು ಬಹಳ ಕಾಡುವುದು ಊಟದ ಪ್ರಶ್ನೆ. ‘ಒಂದು ತುತ್ತೂ ಇಳಿಯುತ್ತಿಲ್ಲ’ ಎಂದು ಹೆಂಗಸರು ಕಣ್ಣೀರಿಡುತ್ತಾರೆ. ಉಣ್ಣದ್ದರಿಂದ ಸಾವು ಬರುತ್ತಿರುವುದಲ್ಲ, ಸಾವು ಸಮೀಪಿಸಿದ್ದರಿಂದ ದೇಹಕ್ಕೆ ಅನ್ನ ಬೇಡವಾಗಿದೆ ಎಂದು ಅವರಿಗೆ ತಿಳಿಯಹೇಳಬೇಕು. ಬಲವಂತವಾಗಿ ಬಾಯಿಗೆ ಹಾಕಿದ ಗಂಜಿ ಶ್ವಾಸನಾಳಕ್ಕೆ ಹೋದೀತು. ತುಟಿ ಒಣಗದಂತೆ ಒದ್ದೆ ಬಟ್ಟೆಯಿಂದ ಒರಸುವುದೂ, ಮಗ್ಗುಲು ಬದಲಿಸುವುದೂ ಊಟ ಬಡಿಸಿದಷ್ಟೇ ದೊಡ್ಡ ಸೇವೆ.

ಗುಣದ ಆಸೆಯಿಲ್ಲದಾಗ ಯಂತ್ರಗಳಿಂದ ಉಸಿರನ್ನು ಎಳೆದಾಡಿಸುವುದು ಬೇಡವೆಂದು ಮುಂಚಿತವಾಗಿ ಬರೆದಿಡುವ ಹಕ್ಕನ್ನು ಸರ್ವೋಚ್ಚ ನ್ಯಾಯಾಲಯವು 2018ರ ಮಾರ್ಚ್ 9ರಂದು ಒಪ್ಪಿತು. 2023ರಲ್ಲಿ ಅದರ ವಿಧಿಗಳನ್ನು ಸರಳಗೊಳಿಸಿತು. ಅದನ್ನು ಜಾರಿಗೆ ತರಲು ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಆದೇಶ ಹೊರಡಿಸಿತು. ಇದು ಆರೈಕೆಯನ್ನು ನಿಲ್ಲಿಸುವ ಅಪ್ಪಣೆಯಲ್ಲ. ಯಂತ್ರ ಸರಿದ ಮೇಲೂ ನೋವಿನ ಔಷಧಿ, ಶುಶ್ರೂಷೆ, ಮನುಷ್ಯರ ಸಾಮೀಪ್ಯ ಇರಲೇಬೇಕು.

ಈಗಲೂ ಮಕ್ಕಳು ಮೆಟ್ಟಿಲಲ್ಲಿ ನನ್ನನ್ನು ತಡೆದು, ಹೇಳಬೇಡಿ ಎನ್ನುತ್ತಾರೆ. ಅದು ಪ್ರೀತಿಯ ಮಾತು, ನಾನು ಹಳಿಯುವುದಿಲ್ಲ. ‘ಅವರಾಗಿ ಕೇಳದೆ ನಾನು ಹೇಳುವುದಿಲ್ಲ. ಕೇಳಿದರೆ ಸುಳ್ಳು ಹೇಳಲಾರೆ’ ಎನ್ನುತ್ತೇನೆ. ಬಹಳ ಮಂದಿ ಒಪ್ಪುತ್ತಾರೆ. ಅನೇಕ ಮನೆಗಳಲ್ಲಿ ರೋಗಿಗೆ ಎಲ್ಲವೂ ತಿಳಿದೇ ಇರುತ್ತದೆ. ಮಕ್ಕಳು ನೊಂದಾರೆಂದು ಆತ ಮುಚ್ಚಿಟ್ಟುಕೊಂಡಿರುತ್ತಾನೆ. ಒಂದೇ ಸೂರಿನಡಿ ಇಬ್ಬರೂ ಬೇರೆ ಬೇರೆಯಾಗಿ ಅಳುತ್ತಿರುತ್ತಾರೆ.

ಹಾಸನ ಜಿಲ್ಲೆಯ ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿ, ಸಾವನ್ನು ಅರಿತು ಎದುರುಗೊಂಡವರ ಹೆಸರುಗಳನ್ನು ಹಿಂದಿನವರು ಬಂಡೆಯಲ್ಲಿ ಕೆತ್ತಿಸಿದ್ದಾರೆ. ಅದು ಮುನಿಗಳ ಮಾರ್ಗ, ಎಲ್ಲರಿಂದಲೂ ಆಗದು. ಆದರೂ ಸಾವಿನ ಮಾತನ್ನು ಎತ್ತುವುದೇ ಅಶುಭವೆಂಬ ಭಾವನೆ ಈ ನಾಡಿಗೆ ಎಲ್ಲ ಕಾಲದಲ್ಲೂ ಇರಲಿಲ್ಲವೆಂಬುದಕ್ಕೆ ಆ ಬಂಡೆಗಳು ಸಾಕ್ಷಿ.

ಹೂಮಳೆ ಬಿದ್ದು ಬೆಳಗೋಡಿನ ತೋಟಗಳು ಬೆಳ್ಳಗಾದಾಗಲೆಲ್ಲ ನನಗೆ ಆ ಹಿರಿಯರ ಪ್ರಶ್ನೆ ನೆನಪಾಗುತ್ತದೆ. ಇಂದು ಯಾರಾದರೂ ಹಾಗೆ ಕೇಳಿದರೆ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡು, ‘ಖಂಡಿತವಾಗಿ ಹೇಳಲಾರೆ. ಅಷ್ಟರೊಳಗೆ ಯಾರನ್ನಾದರೂ ನೋಡಬೇಕೆಂದಿದೆಯೇ?’ ಎಂದು ಕೇಳುತ್ತೇನೆ. ಬೇಲಿಯಾಚೆಯ ತಮ್ಮನಿಗೆ ಹೇಳಿಕಳುಹಿಸಲು ಆಗ ಇನ್ನೂ ವೇಳೆಯಿರುತ್ತದೆ.