ಕಾರಣ ಹೇಳದ ತೀರ್ಪು



ಹಿಂದೆ ನಮ್ಮ ಮನೆಗಳಿಗೆ ಸುದ್ದಿ ಬರುತ್ತಿದ್ದುದು ಪತ್ರಿಕೆಯ ಮೂಲಕ. ಅದರಲ್ಲಿ ಸಂಪಾದಕರ ಹೆಸರು, ಮುದ್ರಕರ ವಿಳಾಸ ಇರುತ್ತಿತ್ತು. ತಪ್ಪು ಅಚ್ಚಾದರೆ ಯಾರನ್ನು ಕೇಳಬೇಕೆಂದು ಓದುಗನಿಗೆ ತಿಳಿದಿತ್ತು. ಇಂದು ಅಜ್ಜನಿಂದ ಮೊಮ್ಮಗನವರೆಗೆ ಎಲ್ಲರ ಕೈಯಲ್ಲೂ ಯೂಟ್ಯೂಬ್ ಇದೆ. ಒಂದು ವಿಡಿಯೋ ಮುಗಿದೊಡನೆ ಇನ್ನೊಂದು ತಾನಾಗಿಯೇ ಬರುತ್ತದೆ. ಅದನ್ನು ಆರಿಸಿದವರಾರು? ಜನರ ವೀಕ್ಷಣೆಯ ಅವಧಿಯಲ್ಲಿ ಶೇ. 70ಕ್ಕೂ ಹೆಚ್ಚಿನದು ತಮ್ಮ ಶಿಫಾರಸು ವ್ಯವಸ್ಥೆಯಿಂದಲೇ ಬರುತ್ತದೆಂದು 2018ರಲ್ಲಿ ಆ ಸಂಸ್ಥೆಯ ಅಧಿಕಾರಿಯೇ ಹೇಳಿದ್ದರು. ಅಂದರೆ ಅಲ್ಲಿಯೂ ಒಬ್ಬ ಸಂಪಾದಕನಿದ್ದಾನೆ. ಆದರೆ ಅವನಿಗೆ ಹೆಸರಿಲ್ಲ, ವಿಳಾಸವಿಲ್ಲ.

ಈ ಸಂಪಾದಕ ಯಾರ ಪರ? ಅಮೆರಿಕದಲ್ಲಿ ಈ ಪ್ರಶ್ನೆ ನ್ಯಾಯಾಲಯದ ಮೆಟ್ಟಿಲೇರಿ ವರ್ಷಗಳಾದವು. ತಮ್ಮ ವಿಡಿಯೋಗಳನ್ನು ಮೂಲೆಗೆ ತಳ್ಳಲಾಗುತ್ತಿದೆಯೆಂದು ಬಲಪಂಥೀಯ ಸಂಸ್ಥೆಯಾದ ಪ್ರೇಗರ್ ಯೂನಿವರ್ಸಿಟಿ 2017ರಲ್ಲಿ ದಾವೆ ಹೂಡಿತು. ಯೂಟ್ಯೂಬ್ ಸರಕಾರವಲ್ಲ, ಖಾಸಗಿ ಸಂಸ್ಥೆ. ವಾಕ್ ಸ್ವಾತಂತ್ರ್ಯದ ಸಾಂವಿಧಾನಿಕ ಕಟ್ಟುಪಾಡು ಅದಕ್ಕೆ ಅನ್ವಯಿಸದೆಂದು 2020ರಲ್ಲಿ ಮೇಲ್ಮನವಿ ನ್ಯಾಯಾಲಯ ತೀರ್ಪಿತ್ತಿತು. ಅದೇ ವರ್ಷ ಕಪ್ಪು ಜನಾಂಗದ ಕೆಲವು ವಿಡಿಯೋ ತಯಾರಕರು, ತಮ್ಮನ್ನು ಜನಾಂಗದ ಆಧಾರದಲ್ಲಿ ತುಳಿಯಲಾಗುತ್ತಿದೆಯೆಂದು ನ್ಯಾಯಾಲಯಕ್ಕೆ ಹೋದರು. ಅವರ ದಾವೆಯೂ ನಿಲ್ಲಲಿಲ್ಲ.

ಇನ್ನು ಟ್ರಂಪ್‌ರ ಪ್ರಕರಣ ನೋಡಿ. 2021ರ ಜನವರಿಯಲ್ಲಿ ಯೂಟ್ಯೂಬ್ ಅವರ ಚಾನೆಲನ್ನು ಅಮಾನತುಗೊಳಿಸಿತು. 2023ರ ಮಾರ್ಚ್‌ನಲ್ಲಿ ಮರಳಿ ಕೊಟ್ಟಿತು. ಅವರು ಮತ್ತೆ ಅಧ್ಯಕ್ಷರಾದ ಬಳಿಕ, 2025ರ ಸೆಪ್ಟೆಂಬರ್‌ನಲ್ಲಿ, ತಪ್ಪೊಪ್ಪಿಕೊಳ್ಳದೆಯೇ 2.45 ಕೋಟಿ ಡಾಲರ್ ತೆತ್ತು ರಾಜಿ ಮಾಡಿಕೊಂಡಿತು. ಗಾಳಿ ಬಂದಾಗ ತೂರಿಕೊಳ್ಳುವುದು ವ್ಯಾಪಾರಿಯ ಜಾಣತನ. ಆದ್ದರಿಂದ ಇಂತಹ ವೇದಿಕೆ ಎಡವೋ ಬಲವೋ ಎಂದು ಕೇಳುವುದಕ್ಕಿಂತ, ಅದರ ತೀರ್ಪಿಗೆ ಕಾರಣವನ್ನೂ ಮೇಲ್ಮನವಿಯನ್ನೂ ಕೇಳುವ ಹಕ್ಕು ನಮಗಿದೆಯೇ ಎಂದು ಕೇಳುವುದು ಮುಖ್ಯ.

ಹಾಗಾದರೆ ಸರಕಾರವೇ ಲಗಾಮು ಹಿಡಿದರೆ ಸರಿಹೋಗುವುದೇ? ನಮ್ಮ ದೇಶದ ಅನುಭವ ಬೇರೆಯೇ ಹೇಳುತ್ತದೆ. 2015ರಲ್ಲಿ ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ಸುಪ್ರೀಮ್ ಕೋರ್ಟ್ ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ಸೆಕ್ಷನನ್ನು ಎತ್ತಿಹಿಡಿಯಿತು. ತಡೆಯಾಜ್ಞೆಗೆ ಲಿಖಿತ ಕಾರಣವಿರುತ್ತದೆ, ಬಾಧಿತರ ಅಹವಾಲು ಕೇಳಲು ಅವಕಾಶವಿದೆ ಎಂಬುದು ಅದಕ್ಕೆ ಆಧಾರವಾಗಿತ್ತು. ಆದರೆ 2009ರ ನಿಯಮಗಳಲ್ಲಿರುವ ಗೌಪ್ಯತೆಯ ನೆಪದಲ್ಲಿ ಆ ಕಾರಣ ಬಾಧಿತರ ಕೈಸೇರುವುದೇ ಅಪರೂಪ. 2023ರ ಜನವರಿಯಲ್ಲಿ 2002ರ ಗುಜರಾತನ್ನು ಕುರಿತ ಬಿಬಿಸಿ ಸಾಕ್ಷ್ಯಚಿತ್ರದ ತುಣುಕುಗಳನ್ನು ತುರ್ತು ಅಧಿಕಾರ ಬಳಸಿ ಯೂಟ್ಯೂಬಿನಿಂದ ತೆಗೆಸಲಾಯಿತು. 2025ರ ಏಪ್ರಿಲ್‌ನಲ್ಲಿ '4ಪಿಎಂ' ಎಂಬ ಹಿಂದಿ ಸುದ್ದಿ ಚಾನೆಲ್ ತಡೆಗೊಳಗಾಯಿತು. ಆದೇಶದ ಪ್ರತಿಯೇ ತಮಗೆ ಸಿಗಲಿಲ್ಲವೆಂದು ಸಂಪಾದಕರು ಸುಪ್ರೀಮ್ ಕೋರ್ಟಿನ ಮೊರೆ ಹೋದರು. ಮುಂದಿನ ತಿಂಗಳು ತಡೆ ತೆರವಾಯಿತು. ಅಪರಾಧವೇನೆಂದು ತಿಳಿಸದೆ ಶಿಕ್ಷಿಸುವುದನ್ನು ಯಾವ ನ್ಯಾಯಶಾಸ್ತ್ರ ಒಪ್ಪುತ್ತದೆ?

ಇಲ್ಲಿ ನಾವು ನಮ್ಮನ್ನೂ ಪ್ರಶ್ನಿಸಿಕೊಳ್ಳಬೇಕು. ನಮ್ಮ ವಿರುದ್ಧ ವಿಷ ಕಾರುವ ಚಾನೆಲ್ ಮುಚ್ಚಿದರೆ ಸಂತೋಷಪಡುತ್ತೇವೆ. ನಮಗೆ ಪ್ರಿಯವಾದುದು ಮುಚ್ಚಿದರೆ ಅನ್ಯಾಯವೆನ್ನುತ್ತೇವೆ. ಹಿಂಸೆಗೆ ಪ್ರಚೋದಿಸುವುದು ಅಪರಾಧ. ಅದನ್ನು ತಡೆಯಲೇಬೇಕು, ಆದರೆ ಬಹಿರಂಗ ಕಾನೂನಿನ ಮೂಲಕ ತಡೆಯಬೇಕು. ಮುಚ್ಚಿದ ಕೋಣೆಯಲ್ಲಿ ಹೊರಡುವ ಆದೇಶ ಇಂದು ಅವರ ಮೇಲೆ ಬಿದ್ದರೆ ನಾಳೆ ನಮ್ಮ ಮೇಲೆ ಬೀಳುತ್ತದೆ. ದುರ್ಬಲರ ಮೇಲೆ ಅದು ಮೊದಲು ಬೀಳುತ್ತದೆ.

ಯುರೋಪಿನ ಒಕ್ಕೂಟ 2022ರಲ್ಲಿ ಡಿಜಿಟಲ್ ಸೇವೆಗಳ ಕಾಯ್ದೆಯನ್ನು ತಂದಿತು. ವಿಡಿಯೋ ತೆಗೆದರೆ ವೇದಿಕೆ ಕಾರಣ ತಿಳಿಸಬೇಕು, ದೂರು ಆಲಿಸಬೇಕು. ಅಲ್ಲಿ ನ್ಯಾಯ ಸಿಗದಿದ್ದರೆ ಹೊರಗಿನ ಸಂಸ್ಥೆಯೊಂದರ ಮುಂದೆ ವಿವಾದ ಒಯ್ಯಬಹುದು. ನಮ್ಮಲ್ಲೂ 2021ರ ನಿಯಮಗಳು ಪ್ರತಿ ದೊಡ್ಡ ವೇದಿಕೆಗೆ ಕುಂದುಕೊರತೆ ಅಧಿಕಾರಿಯನ್ನು ಕಡ್ಡಾಯಗೊಳಿಸಿವೆ. ಅವರ ಉತ್ತರ ತೃಪ್ತಿ ತರದಿದ್ದರೆ 30 ದಿನಗಳೊಳಗೆ ಮೇಲ್ಮನವಿ ಸಮಿತಿಗೆ ಹೋಗಬಹುದು. ಆ ಸಮಿತಿಯನ್ನು ನೇಮಿಸುವುದು ಕೇಂದ್ರ ಸರಕಾರವೇ ಎಂಬುದು ಅದರ ಕೊರತೆ. ಆದರೂ ಇರುವ ಬಾಗಿಲನ್ನು ತಟ್ಟದೆ ಬಿಡಬಾರದು.

ಆದ್ದರಿಂದ ನಮ್ಮ ಬೇಡಿಕೆ ಸರಳವಾಗಿರಲಿ: ತೆಗೆಯುವವರು ಸಂಸ್ಥೆಯಾಗಲಿ ಸರಕಾರವಾಗಲಿ, ಕಾರಣ ಲಿಖಿತವಾಗಿ ಬರಲಿ, ಮೇಲ್ಮನವಿ ಸ್ವತಂತ್ರರ ಮುಂದೆ ನಡೆಯಲಿ. ನಿಮ್ಮೂರಿನ ಯುವಕರ ವಿಡಿಯೋ ಅಳಿಸಲ್ಪಟ್ಟರೆ ಬಂದ ಸೂಚನೆಯನ್ನು ಕಾದಿರಿಸಿ, ದಿನಾಂಕ ಬರೆದಿಟ್ಟು ದೂರು ಕೊಡಿ. ಎದುರಾಳಿಗೂ ಅದೇ ಅನ್ಯಾಯವಾದಾಗ ಅವರ ಪರವಾಗಿಯೂ ಒಂದು ಮಾತು ಆಡಿ. ಆಗ ಮಾತ್ರ ನಾವು ಕೇಳುತ್ತಿರುವುದು ಪಕ್ಷಪಾತವಲ್ಲ, ನ್ಯಾಯ ಎಂಬುದನ್ನು ಜಗತ್ತು ನಂಬೀತು.