ಕಾಯಿಲೆಗೆ ಮೈಬಣ್ಣವುಂಟೇ?



ಇಂದಿನ ವಿಷಯವನ್ನು ಹೇಳಿದೊಡನೆ ಹಿಂದಿನ ಬೆಂಚಿನಿಂದ ನಗು ಬರುತ್ತದೆಂದು ನನಗೆ ಗೊತ್ತು. ನಕ್ಕು ಮುಗಿಸಿ, ಆಮೇಲೆ ಕೇಳಿ. ಗಂಡಸರಲ್ಲಿ ಶಿಶ್ನವು ಸರಿಯಾಗಿ ನಿಮಿರದಿರುವ, ನಿಮಿರಿದರೂ ಹಾಗೆಯೇ ನಿಲ್ಲದಿರುವ ತೊಂದರೆಯ ಮಾತು ಇದು. ಇದಕ್ಕೆ ನಮ್ಮಲ್ಲಿರುವ ಹಳೆಯ ಪದಗಳೆಲ್ಲ ಬೈಗುಳಗಳೇ. ಇಂಗ್ಲಿಷಿನ ಹಳೆಯ ಪದಕ್ಕೂ 'ಶಕ್ತಿಹೀನತೆ' ಎಂದೇ ಅರ್ಥ. 1992ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಕರೆದ ತಜ್ಞರ ಸಭೆ ಆ ಪದದ ಬದಲು 'ಎರೆಕ್ಟೈಲ್ ಡಿಸ್‌ಫಂಕ್ಷನ್' ಎನ್ನಬೇಕೆಂದು ಸೂಚಿಸಿತು.

ಅಮೆರಿಕದ ಆರೋಗ್ಯ ಸಮೀಕ್ಷೆಗಳಲ್ಲಿ ವಯಸ್ಸಿನ ಜೊತೆಗೆ ಜನಾಂಗವನ್ನೂ ಬರೆದುಕೊಳ್ಳುತ್ತಾರೆ. ಬಾಸ್ಟನ್ ನಗರದಲ್ಲಿ 2002ರಿಂದ 2005ರವರೆಗೆ, 30ರಿಂದ 79 ವಯಸ್ಸಿನ 2301 ಗಂಡಸರನ್ನು ಪ್ರಶ್ನಿಸಲಾಯಿತು. ಈ ತೊಂದರೆ ಬಿಳಿಯರಲ್ಲಿ ಶೇಕಡ 18.1, ಕಪ್ಪು ಜನರಲ್ಲಿ 24.9, ಹಿಸ್ಪಾನಿಕ್ ಜನರಲ್ಲಿ 25.3ರಷ್ಟು ಕಂಡುಬಂತು. ಇಷ್ಟನ್ನೇ ನೋಡಿದವರು 'ಅದು ರಕ್ತದ ಗುಣ' ಎಂದುಬಿಡುತ್ತಾರೆ.

ಆದರೆ 2007ರಲ್ಲಿ ಪ್ರಕಟವಾದ ಇನ್ನೊಂದು ಸಮೀಕ್ಷೆಯನ್ನು ನೋಡಿ. ಅದು ಇಡೀ ಅಮೆರಿಕದ, 40 ದಾಟಿದವರದು. ಅಲ್ಲಿ ಹಿಸ್ಪಾನಿಕ್ ಜನರದೇ ಎಲ್ಲರಿಗಿಂತ ಕಡಿಮೆ, ಶೇಕಡ 19.9! ರಕ್ತದ ಗುಣವೇ ಆಗಿದ್ದರೆ ಹೀಗೆ ತಲೆಕೆಳಗಾಗುತ್ತಿತ್ತೇ? ಅಂದಹಾಗೆ, ಹಿಸ್ಪಾನಿಕ್ ಎನ್ನುವುದು ಜನಾಂಗವೂ ಅಲ್ಲ. ಸ್ಪಾನಿಷ್ ಮಾತಿನ ನಾಡುಗಳ ಮೂಲದವರೆಂದಷ್ಟೇ ಅರ್ಥ. ಅವರಲ್ಲಿ ಬಿಳಿಯರೂ ಇದ್ದಾರೆ, ಕಪ್ಪು ಜನರೂ ಇದ್ದಾರೆ.

ಬಾಸ್ಟನ್ನಿನ ಸಂಶೋಧಕರು ಅಲ್ಲಿಗೇ ಬಿಡಲಿಲ್ಲ. ಆದಾಯ ಮತ್ತು ವಿದ್ಯಾಭ್ಯಾಸದ ವಿವರಗಳನ್ನೂ ಲೆಕ್ಕಕ್ಕೆ ತಂದರು. ಒಂದೇ ಮಟ್ಟದಲ್ಲಿರುವವರನ್ನು ಒಬ್ಬರಿಗೊಬ್ಬರು ಹೋಲಿಸಿದಾಗ ಜನಾಂಗದ ವ್ಯತ್ಯಾಸ ಕಾಣದಾಯಿತು. ಬಡತನದ ವ್ಯತ್ಯಾಸ ಮಾತ್ರ ಉಳಿಯಿತು: ಕೆಳಮಟ್ಟದವರಲ್ಲಿ ತೊಂದರೆಯ ಸಂಭವ ಎರಡು ಪಟ್ಟಿಗೂ ಹೆಚ್ಚು. 2008ರಲ್ಲಿ ಇದು ಪ್ರಕಟವಾಯಿತು. ವಿಜ್ಞಾನದ ತರಗತಿಯಲ್ಲಿ ಇದನ್ನು ಲೆಕ್ಕವಾಗಿಯೇ ಕೊಡಬಹುದೆಂದು ನನ್ನ ಅಭಿಪ್ರಾಯ.

ಹಣಕ್ಕೂ ಶಿಶ್ನಕ್ಕೂ ಏನು ಸಂಬಂಧ? ನಿಮಿರುವಿಕೆ ಎಂದರೆ ಮುಖ್ಯವಾಗಿ ರಕ್ತ ತುಂಬುವ ಕ್ರಿಯೆ. ನರಗಳಿಂದ ಮತ್ತು ರಕ್ತನಾಳದ ಒಳಪದರದಿಂದ ನೈಟ್ರಿಕ್ ಆಕ್ಸೈಡ್ ಎಂಬ ಅನಿಲ ಹೊರಬಂದು ನಾಳ ಸಡಿಲವಾಗುತ್ತದೆ, ರಕ್ತ ನುಗ್ಗುತ್ತದೆ. (ಈ ಅನಿಲ ರಕ್ತನಾಳಗಳಲ್ಲಿ ಸಂದೇಶವಾಹಕವೆಂದು ತೋರಿಸಿದ ಮೂವರಿಗೆ 1998ರ ನೊಬೆಲ್ ಬಂತು.) ಮಧುಮೇಹ, ಅಧಿಕ ರಕ್ತದೊತ್ತಡ, ಸಿಗರೇಟು, ಇವೆಲ್ಲ ಆ ಒಳಪದರವನ್ನೇ ಕೆಡಿಸುತ್ತವೆ. 2001-02ರ ಅಮೆರಿಕದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಮಧುಮೇಹವಿದ್ದ ಗಂಡಸರ ಪೈಕಿ ಅರ್ಧದಷ್ಟು ಜನರಿಗೆ ಈ ತೊಂದರೆಯಿತ್ತು. ಕೈಯಲ್ಲಿ ಕಾಸಿಲ್ಲದವನು ಸಕ್ಕರೆ ಕಾಯಿಲೆಗೆ ವೈದ್ಯರ ಬಳಿ ಹೋಗುವುದು ತಡವಾಗಿ.

ಶಿಶ್ನದ ಅಪಧಮನಿ ಹೃದಯದ ಅಪಧಮನಿಗಿಂತ ಸಣ್ಣದು. ಹಾಗಾಗಿ ಬೇಗ ಕಟ್ಟಿಕೊಳ್ಳುತ್ತದೆ ಎಂದು ಅನೇಕ ತಜ್ಞರ ವಿವರಣೆ. ಆದ್ದರಿಂದಲೇ ನಲವತ್ತರ ಗಂಡಸು ಈ ದೂರು ಹೇಳಿಕೊಂಡರೆ ಒಳ್ಳೆಯ ವೈದ್ಯರು ಅವನ ರಕ್ತದೊತ್ತಡ, ಸಕ್ಕರೆಗಳನ್ನು ಪರೀಕ್ಷಿಸಿ, ಹೃದಯದ ಬಗ್ಗೆಯೂ ವಿಚಾರಿಸುತ್ತಾರೆ.