ಉಂಗುರದ ಬೆರಳಿನ ಹಣೆಬರಹ

ಕಾಫಿ ಲೋಟ ಒಂದು ನಿಮಿಷ ಕೆಳಗಿಡಿ. ಅಂಗೈಯನ್ನು ಮೇಜಿನ ಮೇಲೆ ಬೋರಲಾಗಿಟ್ಟು, ನಡುಬೆರಳನ್ನು ಮಾತ್ರ ಒಳಕ್ಕೆ ಮಡಚಿ. ಈಗ ಉಳಿದ ಬೆರಳುಗಳನ್ನು ಒಂದೊಂದಾಗಿ ಎತ್ತಿ ನೋಡಿ. ಹೆಬ್ಬೆರಳು ಏಳುತ್ತದೆ. ತೋರುಬೆರಳು, ಕಿರುಬೆರಳು ಕೂಡ ಏಳುತ್ತವೆ. ಉಂಗುರದ ಬೆರಳು? ಎಷ್ಟು ತಿಣುಕಿದರೂ ಅಲ್ಲೇ ಕೂತಿರುತ್ತದೆ.

ಕಾರಣ ಇರುವುದು ಬೆರಳಲ್ಲಲ್ಲ, ಮುಂಗೈಯಲ್ಲಿ. ಬೆರಳನ್ನು ನೆಟ್ಟಗೆ ಮಾಡುವ ಮಾಂಸಖಂಡ ಮೊಣಕೈ ಹೊರಬದಿಯ ಎಲುಬಿನಿಂದ ಹೊರಟು, ಮಣಿಕಟ್ಟಿನ ಹೊತ್ತಿಗೆ 4 ಹುರಿಗಳಾಗಿ ಬೆರಳುಗಳತ್ತ ಸಾಗುತ್ತದೆ. ಥೇಟ್ ಸೂತ್ರದ ಬೊಂಬೆ. ಕೈಯ ಹಿಂಬದಿಯಲ್ಲಿ ಎದ್ದು ಕಾಣುವ ಈ ಹುರಿಗಳನ್ನೂ ನಾವು ‘ನರ’ ಎಂದೇ ಕರೆದುಬಿಡುತ್ತೇವೆ. ಅವು ಸ್ನಾಯುರಜ್ಜುಗಳು. ತೋರುಬೆರಳಿಗೂ ಕಿರುಬೆರಳಿಗೂ ಈ ಸಾಮೂಹಿಕ ಮಾಂಸಖಂಡದ ಜೊತೆಗೆ ಸ್ವಂತದ್ದೂ ಒಂದಿದೆ. ಉಂಗುರದ ಬೆರಳಿಗೆ ಆ ಭಾಗ್ಯವಿಲ್ಲ. ಸಾಲದ್ದಕ್ಕೆ ಅಡ್ಡಪಟ್ಟಿಯೊಂದು ಅದರ ಹುರಿಯನ್ನು ನಡುಬೆರಳಿನ ಹುರಿಗೆ ಕಟ್ಟಿಹಾಕಿದೆ. ಚಿನ್ನ ತೊಡಿಸಿ ಸಮಾಧಾನ ಮಾಡುವುದು ಅದಕ್ಕೇ ಇರಬೇಕು!

ಜಿಪುಣನ ಕೈ ಬಿಗಿ, ಉದಾರಿ ಕೈ ಬಿಚ್ಚಿ ಕೊಡುತ್ತಾನೆ ಎನ್ನುತ್ತೇವಲ್ಲ, ಆ ಬಿಚ್ಚುವುದೆಂದರೆ ಹಿಡಿತ ಸಡಿಲಿಸಿದರೆ ಆಯಿತು ಅಂದುಕೊಂಡಿದ್ದೆ. ಬಿಚ್ಚುವುದಕ್ಕೂ ಹುರಿ ಎಳೆಯಬೇಕೆಂದು ತಿಳಿದದ್ದು ಹೋದ ವರ್ಷ. ಬೆಡ್‌ಶೀಟಿನ ಅಂಚನ್ನು ಹಾಸಿಗೆಯಡಿ ತುರುಕುವಾಗ ಏನೋ ಚಟಕ್ಕೆಂದಿತು. ನೋವು ಅಷ್ಟೇನಿಲ್ಲ. ಆದರೆ ನಡುಬೆರಳಿನ ತುದಿಗೆಣ್ಣು ಬಾಡಿದ ಹೂವಿನಂತೆ ಬಾಗಿತು. ಇನ್ನೊಂದು ಕೈಯಿಂದ ಎತ್ತಿದರೆ ನೆಟ್ಟಗಾಗುತ್ತದೆ, ಬಿಟ್ಟರೆ ಮತ್ತೆ ಬಾಗುತ್ತದೆ. ಮಡಚಲು ಮಾತ್ರ ಯಾವ ತೊಂದರೆಯೂ ಇಲ್ಲ! ಎಳ್ಳೆಣ್ಣೆ ತಿಕ್ಕುತ್ತಾ ಒಂದು ವಾರ ಕಳೆದೆ.

ವೈದ್ಯರು ನೋಡಿದ ಕೂಡಲೇ ಹೇಳಿದರು: ಬೆರಳ ತುದಿಗೆ ಅಂಟಿಕೊಂಡ ರಜ್ಜು ಹರಿದಿದೆ. ಅಲ್ಲಿ ಅದರ ದಪ್ಪ ಸುಮಾರು 1 ಮಿಲಿಮೀಟರ್ ಅಷ್ಟೆ. ಎಕ್ಸ್‌ರೇ ತೆಗೆಸಿ, ಎಲುಬು ಮುರಿದಿಲ್ಲವೆಂದು ಖಚಿತವಾದ ಮೇಲೆ ತುದಿಗೆಣ್ಣು ನೆಟ್ಟಗೇ ಇರುವಂತೆ ಒಂದು ಪುಟ್ಟ ಪಟ್ಟಿ ಕಟ್ಟಿದರು. 8 ವಾರ, ಹಗಲೂ ರಾತ್ರಿ. ನಡುವೆ ಒಮ್ಮೆ ಬಾಗಿದರೂ ಕೂಡಿಕೊಳ್ಳುತ್ತಿರುವ ರಜ್ಜು ಮತ್ತೆ ಬಿಟ್ಟುಕೊಳ್ಳುತ್ತದೆ, ಲೆಕ್ಕ ಹೊಸದಾಗಿ ಶುರು. ಪಟ್ಟಿ ತೊಳೆಯುವಾಗಲೂ ಬೆರಳನ್ನು ಮೇಜಿಗೆ ಒತ್ತಿ ಹಿಡಿದಿರಬೇಕು. 6ನೆಯ ವಾರ ಬಚ್ಚಲಲ್ಲಿ ಮರೆತು ಮಗ್ಗು ಹಿಡಿದೆ. ಮತ್ತೆ ಮೊದಲ ದಿನ.

ಚೆಂಡು ಬಡಿದೋ ಬಟ್ಟೆ ಸಿಕ್ಕಿಯೋ ನಿಮ್ಮ ಮನೆಯಲ್ಲಿ ಯಾರದಾದರೂ ಬೆರಳ ತುದಿ ಹೀಗೆ ಬಾಗಿದರೆ, ನರ ಹಿಡಿದಿದೆ ಎಂದು ನೀವಬೇಡಿ. ಅದನ್ನು ನೆಟ್ಟಗೆ ಹಿಡಿದುಕೊಂಡು ಅಂದೇ ಆಸ್ಪತ್ರೆಗೆ ಹೋಗಿ.